ಸೋಮವಾರದ ಚಕ್ಕಡಿ

ನಮ್ಮಪ್ಪ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ದೇವರಂಥಾ ಮನಶ್ಯಾ ಇದ್ದಾರಿ." ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ "ಹೌದ್ರಿ, ಹೌದ್ರಿ" ಎಂದೆ. ಮನಸ್ಸಿನಲ್ಲಿ ಮಾತ್ರ, ದೇವರಂಥ ಮನುಷ್ಯನ ಮನೆಯಲ್ಲಿ ನೀವೊಂದು ವರ್ಷ ಬದುಕಿ ನೋಡಬೇಕಿತ್ತು ಎಂದುಕೊಂಡೆ. ದೇವರು ಗುಡಿಯಲ್ಲಿದ್ದರೇ ಚಲೋ. ಮನೆಯಲ್ಲಿದ್ದರೆ, ಅದರಲ್ಲೂ ಎತ್ತು, ಆಕಳು, ಕುಂಟ ಆಡು, ಒಕ್ಕಣ್ಣಿನ ಬೆಕ್ಕು ಎಲ್ಲವನ್ನೂ ಬೀಗರಂತೆ ಉಪಚರಿಸುವ ದೇವರಿದ್ದರೆ, ಅವನ ಹೆಂಡತಿ ಮಕ್ಕಳ ಪಾಡು ಕೇಳಬಾರದು.

ನಮ್ಮ ಊರು ನರೇಗಲ್ಲಿನಿಂದ ನಾಲ್ಕು ಕಿಲೋಮೀಟರ್. ಸುತ್ತ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಹೊಲವನ್ನು ಅಪ್ಪ ಮತ್ತು ಅವನ ತಮ್ಮ, ಅಂದರೆ ನಮ್ಮ ಕಾಕಾ, ಕೂಡಿ ಮಾಡುತ್ತಿದ್ದರು. ಅಪ್ಪ ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಸೇರುತ್ತಿದ್ದ. ಸೆಗಣಿ ಬಳಿದು, ಕಣಕಿ ಹಾಕಿ, ಎತ್ತುಗಳ ಮೈ ತಿಕ್ಕಿ, ನೀರು ಕುಡಿಸಿ, ಆಮೇಲೆ ತಾನು ಮುಖ ತೊಳೆಯುತ್ತಿದ್ದ. ಹೊಲದಿಂದ ಬಂದು ನಾಲ್ಕು ಮಾತಾಡಲು ಕಟ್ಟೆಯ ಮೇಲೆ ಕುಳಿತರೂ ಕೈಯಲ್ಲಿ ಪುಂಡಿನಾರು ಇರಲೇಬೇಕು. ಮಾತು ಮುಗಿಯುವಷ್ಟರಲ್ಲಿ ಒಂದು ಮಾರು ಹಗ್ಗ ಹೊಸೆದಿರುತ್ತಿದ್ದ. ಅವ್ವ ಒಲೆಯ ಮುಂದಿದ್ದಾಗ ನನ್ನ ಜಡೆ ಹೆಣೆಯುತ್ತಿದ್ದವನೂ ಅವನೇ. ಹಗ್ಗ ಹೊಸೆದು ರೂಢಿಯಾದ ಕೈ ನೋಡಿ, ಆ ಜಡೆ ಮೂರು ದಿನವಾದರೂ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ನನ್ನ ಜಡೆ ಹಿಡಿದು "ನೀರ ಸೇದಬಹುದಲ್ಲೇ" ಎಂದು ನಗುತ್ತಿದ್ದರು.

ಅಂಥವನನ್ನು ಗಜೇಂದ್ರಗಡದ ಸಂತೆಗೆ ಕಳಿಸುವುದೆಂದರೆ ಅವ್ವನಿಗೆ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಒಣಮೆಣಸಿನಕಾಯಿ ತರಲು ಹೋದವನು ಮೂರು ಕಾಲಿನ ಮೇಲೆ ನಡೆಯುವ ಆಡನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಬಸ್ಸಿನಲ್ಲಿ ಅದಕ್ಕೂ ಟಿಕೀಟು ತೆಗೆಸಿದ್ದನಂತೆ.

"ಮೆಣಸಿನಕಾಯಿ ಎಲ್ರಿ?" ಎಂದಳು ಅವ್ವ.

"ಯಾರೂ ತಗೋಳಾಕ ತಯಾರಿರಲಿಲ್ಲ, ಪಾಪ" ಎಂದ ಅಪ್ಪ. ಆಡಿನ ಬಗ್ಗೆ ಹೇಳುತ್ತಿದ್ದಾನೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ತಿಂಗಳು ನಾವು ಹಸಿಮೆಣಸಿನಕಾಯಿಯ ಚಟ್ನಿ ತಿಂದೆವು, ಆಡು ನಮ್ಮ ಅಂಗಳದ ತುಳಸಿ ತಿಂದಿತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಪದ್ಧತಿ ಇದು. ಆದರೆ ಜನ ಶಾಣ್ಯಾರು. ಮಳೆ ಬಿದ್ದು, ಹೊಲ ಹದಕ್ಕೆ ಬಂದು, ಅವತ್ತೇ ಬಿತ್ತದಿದ್ದರೆ ಕೆಟ್ಟಿತು ಎನ್ನುವಂತಿದ್ದರೆ ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾತಪ್ಪಾ ಬಸವಣ್ಣಾ" ಎಂದು ಹೂಡಿಬಿಡುತ್ತಿದ್ದರು. ನಮ್ಮಪ್ಪ ಮಾತ್ರ ಹೂಡುತ್ತಿರಲಿಲ್ಲ. ಒಂದು ವರ್ಷ ಹೆಸರು ಬಿತ್ತುವ ಹದ ಸರಿಯಾಗಿ ಸೋಮವಾರ ಬಂತು. ಊರಿಗೆ ಊರೇ ಕೂರಿಗೆ ಹಿಡಿದು ಹೊರಟರೆ ಅಪ್ಪ ಸಲಿಕೆ ಹಿಡಿದು ಒಡ್ಡು ಸರಿಪಡಿಸಲು ಹೋದ. ಮಂಗಳವಾರ ಮತ್ತೆ ಮಳೆ ಹಿಡಿಯಿತು. ನಮ್ಮ ಬಿತ್ತನೆ ಒಂಬತ್ತು ದಿನ ತಡವಾಯಿತು.

ಅವ್ವ ಅವತ್ತು ಪಾತ್ರೆಗಳನ್ನು ತೊಳೆದ ರೀತಿ ಓಣಿಯ ಆ ತುದಿಗೂ ಕೇಳಿಸಿತು.

"ಆರ ದಿನ ದುಡದಾವ. ಒಂದ ದಿನ ಕುಂದರ್ಲಿ ಬಿಡ" ಎಂದ ಅಪ್ಪ.

"ನಾ ಏಳೂ ದಿನ ದುಡೀತೇನಲ್ರಿ, ನನಗ್ಯಾವ ವಾರ?"

ಅಪ್ಪ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡ. ಅವನ ಕಷ್ಟವೇ ಅದು, ಏನು ಹೇಳಿದರೂ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದ. ಮುಂದಿನ ಸೋಮವಾರ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ತಾನೇ ರೊಟ್ಟಿ ಬಡಿಯಲು ಕುಳಿತ. ಆ ರೊಟ್ಟಿಗಳನ್ನು ಎತ್ತುಗಳು ಸಂತೋಷದಿಂದ ತಿಂದವು. ನಾವು ಅವಲಕ್ಕಿ ತಿಂದೆವು.

ಇನ್ನು ನನ್ನ ಕಾಲಿನ ಕಥೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ವಾರವಿತ್ತು. ಮನೆಯಲ್ಲಿ ಗದ್ದಲವೆಂದು ನಾನು ಕೊಟ್ಟಿಗೆಯಲ್ಲಿ ಗೋದಲಿಗೆ ಒರಗಿ ಕುಳಿತು ಬೀಜಗಣಿತ ಬಾಯಿಪಾಠ ಮಾಡುತ್ತಿದ್ದೆ. ಗಣಿತವನ್ನು ಬಾಯಿಪಾಠ ಮಾಡುವ ಹುಡುಗಿಯ ಗತಿ ಏನೆಂದು ನೀವೇ ಊಹಿಸಿಕೊಳ್ಳಿ. ಎಡಗಡೆಯ ಎತ್ತು ನೊಣ ಓಡಿಸಲು ಒಂದು ಹೆಜ್ಜೆ ಹಿಂದೆ ಸರಿಯಿತು. ಅಲ್ಲಿ ನನ್ನ ಕಾಲಿತ್ತು. ನಾನು ಚೀರಿದ ಚೀರಿಗೆ ಅಪ್ಪ ಹಿತ್ತಲಿನಿಂದ ಓಡಿ ಬಂದ. ಬಂದವನು ಮೊದಲು ನೋಡಿದ್ದು ಎತ್ತಿನ ಕಾಲನ್ನು. ಇಲ್ಲ, ನಿನ್ನ ಕಾಲನ್ನೇ ನೋಡಿದೆ ಎಂದು ಅವನು ಸಾಯುವವರೆಗೂ ಹೇಳಿದ. ಎತ್ತಿನ ಕಾಲನ್ನೇ ನೋಡಿದ ಎಂದು ನಾನು ಸಾಯುವವರೆಗೂ ಹೇಳುತ್ತೇನೆ.

ಗಜೇಂದ್ರಗಡದ ದವಾಖಾನೆಯಲ್ಲಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ನೆಲಕ್ಕೆ ಊರಬಾರದು, ಬೈಕಿನ ಮೇಲಂತೂ ಕೂಡಲೇಬಾರದು ಎಂದರು. ನನಗಿಂತ ಹೆಚ್ಚು ಬೆವರಿದವಳು ಅವ್ವ. ಅವಳನ್ನು ನಾಲ್ಕನೆಯ ತರಗತಿಗೇ ಬಿಡಿಸಿ ತಮ್ಮಂದಿರನ್ನು ನೋಡಿಕೊಳ್ಳಲು ಕೂರಿಸಿದ್ದರು. ನಾನು ಓದಿ ಸಾಲಿ ಟೀಚರ್ ಆಗಬೇಕು ಎಂಬುದೊಂದೇ ಅವಳ ಆಸೆ. ನಮ್ಮ ಓಣಿಯಲ್ಲಿ ಹತ್ತನೆಯದು ಫೇಲಾದ ಹುಡುಗಿ ಮತ್ತೆ ಪುಸ್ತಕ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ; ಆರು ತಿಂಗಳಲ್ಲಿ ಅವಳ ಮದುವೆಗೆ ಅಕ್ಕಿಕಾಳು ಹಾಕಿ, ಊಟ ಮಾಡಿ ಬರುತ್ತಿದ್ದೆವು. ಅದಕ್ಕೇ ಅವ್ವ ನಮ್ಮೂರಿನ ಮೂರು ಗಾಲಿಯ ಟಂಟಂ ಗಾಡಿಯವನಿಗೆ ಪರೀಕ್ಷೆ ಮುಗಿಯುವವರೆಗೆ ದಿನಾ ನನ್ನನ್ನು ನರೇಗಲ್ಲಿಗೆ ಒಯ್ಯಬೇಕೆಂದು ಕೈಮುಗಿದು ಹೇಳಿಟ್ಟಿದ್ದಳು. ಎರಡು ಪೇಪರು ಹಾಗೆಯೇ ಆದವು. ಮೂರನೆಯದು ಗಣಿತ. ಅವತ್ತು ಸೋಮವಾರ.

ಏಳೂವರೆಗೆ ಬರಬೇಕಾದ ಗಾಡಿ ಬರಲಿಲ್ಲ. ಬದಲಿಗೆ ಗಾಡಿಯವನೇ ಮೊಣಕೈಯವರೆಗೆ ಎಣ್ಣೆ ಮಸಿ ಬಳಿದುಕೊಂಡು ನಡೆದು ಬಂದ. "ಯಕ್ಕಾ, ಗಾಡಿ ಚಾಲೂ ಆಗವಲ್ದು. ನಸಿಕ್ಲೆ ಹಿಡದು ಬಡದಾಡಾಕತ್ತೀನಿ" ಎಂದ. ಮೊದಲ ಬಸ್ಸು ಹೋಗಿಯಾಗಿತ್ತು. ಮುಂದಿನದು ಹನ್ನೊಂದಕ್ಕೆ. ಪರೀಕ್ಷೆ ಹತ್ತೂವರೆಗೆ.

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಚಕ್ಕಡಿ ಹೂಡ್ರಿ" ಎಂದಳು.

ಅಪ್ಪ ತಲೆ ಕೆರೆದುಕೊಂಡ. "ಇವತ್ತ ಸ್ವಾಮಾರ."

ಆಮೇಲೆ ಅವ್ವ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನಾನೂ ಸುಮ್ಮನಿರಲಿಲ್ಲ. ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕಟ್ಟೆಯ ಮೇಲೆ ಕುಳಿತು, "ಅವನ ಎತ್ತ ನನ್ನ ಕಾಲ ಮುರದೈತಿ, ಒಂದ ದಿನ ಎಳದ್ರ ಅದರ ಗಂಟೇನ ಹೋಗತೈತಿ!" ಎಂದು ಗಂಟಲು ಹರಿಯುವಂತೆ ಒದರಿದೆ. ಓಣಿಯ ಜನ ಸೇರಿದರು.

"ಹೋಗ್ಲಿ, ಬ್ಯಾರೇರ ಎತ್ತಾದ್ರೂ ಕಟಗೊಂಡ ಬರ್ರಿ" ಎಂದಳು ಅವ್ವ ಕೊನೆಗೆ.

"ಬ್ಯಾರೇರ ಎತ್ತಿಗೆ ಸ್ವಾಮಾರ ಬ್ಯಾರೆ ಇರತೈತೇನ?" ಎಂದ ಅಪ್ಪ.

ಹೀಗೆಂದವನು ಒಳಗೆ ಹೋಗಿ ಎರಡು ಕೌದಿ ತಂದ. ಒಂದನ್ನು ಚಕ್ಕಡಿಯಲ್ಲಿ ಹಾಸಿದ ಮೇವಿನ ಮೇಲೆ ಹರವಿದ. ಇನ್ನೊಂದನ್ನು ಮಡಚಿ ನೊಗಕ್ಕೆ ಸುತ್ತಿ ಹಗ್ಗದಿಂದ ಬಿಗಿದ. ನನ್ನನ್ನು ಎತ್ತಿ ಕೌದಿಯ ಮೇಲೆ ಕೂರಿಸಿದ. ತಲೆಗೆ ಪಟಕಾ ಬಿಗಿದುಕೊಂಡು, ನೊಗದ ಒಂದು ಬದಿಗೆ ಹೋಗಿ ನಿಂತು, "ಬಾರಪಾ" ಎಂದು ಕಾಕಾನನ್ನು ಕರೆದ. ಕಾಕಾ ಹಲ್ಲುಜ್ಜುತ್ತಿದ್ದ. ಅವನು ಅಣ್ಣನನ್ನು ನೋಡಿದ, ನೊಗವನ್ನು ನೋಡಿದ, ಬಾಯಿ ಮುಕ್ಕಳಿಸಿ ಉಗುಳಿ, "ನಾ ಬಲಕ್ಕಿರತೀನಿ" ಎಂದು ಬಂದು ಹೆಗಲು ಕೊಟ್ಟ.

ಚಕ್ಕಡಿ ಓಣಿ ದಾಟಿತೋ ಇಲ್ಲವೋ, ಕೊಟ್ಟಿಗೆಯಲ್ಲಿ ಎತ್ತುಗಳು ಹಗ್ಗ ಜಗ್ಗಿ ಕೂಗತೊಡಗಿದವು. ತಮ್ಮನ್ನು ಬಿಟ್ಟು ಚಕ್ಕಡಿ ಹೋದದ್ದನ್ನು ಅವು ಹುಟ್ಟಿದಾಗಿನಿಂದ ನೋಡಿರಲಿಲ್ಲ. "ಅವನ್ನೂ ಬಿಡ, ಹಿಂದ ಬರತಾವ. ಇಲ್ಲಾಂದ್ರ ಗೂಟಾ ಕಿತ್ತಾವು" ಎಂದು ಅಪ್ಪ ನಿಂತಲ್ಲಿಂದಲೇ ಕೂಗಿದ. ಅವ್ವ ಹಲ್ಲು ಕಡಿಯುತ್ತ ಹೋಗಿ ಬಿಚ್ಚಿದಳು.

ಆ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಮುಂದೆ ನೊಗ ಹೊತ್ತ ಅಣ್ಣತಮ್ಮಂದಿರು. ಚಕ್ಕಡಿಯಲ್ಲಿ ಹಾಲ್ ಟಿಕೆಟ್ಟು, ಕಂಪಾಸ್ ಪೆಟ್ಟಿಗೆ ಎದೆಗವಚಿಕೊಂಡ ನಾನು. ಹಿಂದಿನಿಂದ ನೂಕುತ್ತಿರುವ ಅವ್ವ. ಅವಳ ಹಿಂದೆ ಎರಡು ಎತ್ತು, ಸಂಜೆ ತಿರುಗಾಡಲು ಹೊರಟ ಪಿಂಚಣಿದಾರರ ಹಾಗೆ ಆರಾಮಾಗಿ, ರಸ್ತೆಬದಿಯ ಹುಲ್ಲಿಗೆ ಬಾಯಿ ಹಾಕುತ್ತ ಬರುತ್ತಿದ್ದವು. ಚಕ್ಕಡಿಯ ನೆರಳಿನಲ್ಲಿ ನಮ್ಮ ನಾಯಿ.

ಡಾಂಬರು ರಸ್ತೆಗೆ ಬಂದ ಮೇಲೆ ಎಳೆಯುವುದು ಹಗುರಾಯಿತು, ನನ್ನ ಮಾನ ಹೋಗುವುದು ಜೋರಾಯಿತು. ಹೊಲದಲ್ಲಿದ್ದ ಹೆಂಗಸರು ಬದುವಿಗೆ ಬಂದು ನಿಂತು ನಕ್ಕರು. ಎದುರಿಗೆ ಬಂದ ಬಸ್ಸು ನಿಧಾನ ಮಾಡಿ, ಕಂಡಕ್ಟರ್ ಬಾಗಿಲಿನಿಂದ ಹೊರಗೆ ಬಾಗಿದ. "ಏನ್ರಿ ಯಜಮಾನ್ರ, ಎತ್ತಿಗೆ ಆರಾಮಿಲ್ಲೇನು?"

"ಭಾಳ ಆರಾಮ ಅದಾವ್ರಿ!" ಎಂದ ಕಾಕಾ. "ನಮಗ ಇಲ್ಲ!"

ಬಸ್ಸಿನ ಜನವೆಲ್ಲ ಕಿಟಕಿಗೆ ಬಂದು ಗೊಳ್ಳೆಂದರು. ನಾನು ಗಣಿತದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ. ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಅದನ್ನು ನೋಡಿ ಪಾಪ ಎನ್ನಿಸಬೇಕಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಹದಿನಾರು ವರ್ಷದ ಸಿಟ್ಟು ಎಂದರೆ ಹಾಗೆಯೇ.

"ಅಪ್ಪಾ, ನಿನಗ ನನಕಿಂತ ಎತ್ತ ಹೆಚ್ಚ. ಖರೇ ಹೇಳು" ಎಂದೆ.

ಅಪ್ಪ ಕತ್ತು ಹೊರಳಿಸಿ ನೋಡಿದ. "ಪುಸ್ತಕ ತಲಿಕೆಳಗ ಹಿಡದಿ ನೋಡ. ಸರಿ ಮಾಡಿ ಓದ" ಎಂದ. ಅವ್ವ ಹಿಂದಿನಿಂದ, "ಆಕಿ ಕೇಳಿದ್ದಕ್ಕ ಜವಾಬ ಕೊಡ್ರಿ ಮೊದಲ" ಎಂದಳು. ಅಪ್ಪ ನೊಗವನ್ನು ಇನ್ನಷ್ಟು ಜೋರಾಗಿ ಜಗ್ಗಿದ. ಪಾಸೋ ಫೇಲೋ ಆಮೇಲಿನ ಮಾತು. ಇವನಿಗೆ ನಾನು ಬೇಕೋ ಬೇಡವೋ ಎನ್ನುವುದೇ ನನಗೆ ತಿಳಿಯಬೇಕಿತ್ತು.

ಹತ್ತಕ್ಕೆ ಐದು ನಿಮಿಷ ಇರುವಾಗ ಶಾಲೆಯ ಅಂಗಳಕ್ಕೆ ತಲುಪಿದೆವು. ಅಂಗಳದ ತುಂಬ ಹುಡುಗರು. ಒಬ್ಬರ ಬಾಯಿಯೂ ಮುಚ್ಚಿರಲಿಲ್ಲ. ಅಪ್ಪ ನೊಗ ಇಳಿಸಿ, ನನ್ನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ನನ್ನ ಬಿಳಿ ಸಮವಸ್ತ್ರಕ್ಕೆ ಅವನ ಬೆವರೆಲ್ಲ ಹತ್ತಿತು. ಪರೀಕ್ಷೆಯ ಮೇಲ್ವಿಚಾರಣೆಗೆ ಬಂದಿದ್ದ ವಯಸ್ಸಾದ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಚಕ್ಕಡಿಯನ್ನೂ, ಅದರ ಹಿಂದೆ ನಿಂತು ಮೆಲುಕು ಹಾಕುತ್ತಿದ್ದ ಎತ್ತುಗಳನ್ನೂ ನೋಡಿದರು.

"ಎತ್ತ ಅದಾವಲ್ರಿ ಮತ್ತ?"

"ಸ್ವಾಮಾರ ನೋಡ್ರಿ" ಎಂದ ಅಪ್ಪ.

"ಹಾಂ, ಹೌದಲ್ಲ" ಎಂದು ಮಾಸ್ತರರು ತಲೆಯಾಡಿಸಿದರು. ಅಷ್ಟಕ್ಕೇ ಎಲ್ಲ ತಿಳಿದುಹೋಯಿತೆನ್ನುವ ಹಾಗೆ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಅವರು ಒಳ್ಳೆಯವರು. ನನ್ನ ಕಾಲಿಗೊಂದು ಸ್ಟೂಲು ಕೊಡಿಸಿದರು, ಕುಡಿಯಲು ನೀರು ಕೊಟ್ಟರು.

ಮೊದಲ ಹತ್ತು ನಿಮಿಷ ಅಕ್ಷರ ಕಾಣಲಿಲ್ಲ, ಕಣ್ಣಲ್ಲಿ ನೀರು. ಆಮೇಲೆ ಸಿಟ್ಟಿನಲ್ಲೇ ಬರೆದೆ. ಆ ಸಿಟ್ಟಿಗೆ ನಲವತ್ತೆಂಟು ಅಂಕ ಬಂದವು, ನಾನು ಪಾಸಾದೆ. ಈಗ ನರಗುಂದದಲ್ಲಿ ಶಾಲೆಯ ಟೀಚರ್ ಆಗಿದ್ದೇನೆ. ಗಣಿತ ಕಲಿಸುವುದಿಲ್ಲ, ಮಕ್ಕಳ ಪುಣ್ಯ.

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಟಂಟಂ ರಿಪೇರಿಯಾಗಿ ಗೇಟಿನ ಮುಂದೆ ನಿಂತಿತ್ತು, ಗಾಡಿಯವನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ನಾನೂ ಅವ್ವನೂ ಅದರಲ್ಲಿ ಬಂದೆವು. ಅಪ್ಪನೂ ಕಾಕಾನೂ ಖಾಲಿ ಚಕ್ಕಡಿ ಎಳೆದುಕೊಂಡು, ಎತ್ತುಗಳನ್ನು ಹಿಂದಿಟ್ಟುಕೊಂಡು, ಇಳಿಹೊತ್ತಿಗೆ ಮನೆ ಸೇರಿದರು. ಅಪ್ಪ ಬಂದವನೇ ಎತ್ತುಗಳಿಗೆ ನೀರಿಟ್ಟ. ಆಮೇಲೆ ನನ್ನನ್ನು, "ಲೆಕ್ಕ ಬಂದುವಾ?" ಎಂದು ಕೇಳಿದ. ನಾನು ಮುಖ ತಿರುಗಿಸಿದೆ.

ಅಂಗಿ ತೆಗೆದಾಗ ನೋಡಿದರೆ ಅವನ ಹೆಗಲಿನ ಚರ್ಮ ಅಂಗೈಯಗಲ ಕಿತ್ತು ಬಂದಿತ್ತು. ಕಾಕಾನದೂ ಹಾಗೆಯೇ. ಅವ್ವ ಎಣ್ಣೆ ಬಿಸಿಮಾಡಿ ಅರಿಷಿಣ ಕಲಸಿಕೊಂಡು ಬಂದು ಅಪ್ಪನ ಹಿಂದೆ ಕುಳಿತಳು. ಕೈ ಮೆತ್ತಗೆ ಹಚ್ಚುತ್ತಿತ್ತು, ಬಾಯಿ ಮಾತ್ರ ಬೆಳಗಿನಿಂದ ಉಳಿದದ್ದನ್ನೆಲ್ಲ ತೀರಿಸುತ್ತಿತ್ತು.

"ನಿಮ್ಮ ಅಪ್ಪಾರು ಹೂಡತಿದ್ರು. ನಿಮ್ಮ ಅಜ್ಜಾರು ಹೂಡತಿದ್ರು. ಊರ ಮಂದಿಯೆಲ್ಲಾ ಹೂಡತಾರ. ನಿಮಗಷ್ಟ ಯಾಂವ ಬಂದು ಕಿವ್ಯಾಗ ಊದಿದ್ರಿ, ಜೀಂವ ಹೋದ್ರೂ ಸ್ವಾಮಾರ ಹೂಡಬ್ಯಾಡಂತ? ಹೆಸರ ಹೇಳ್ರಿ, ಅವನ ಮನಿಗೇ ಹೋಗಿ ಕೇಳತೀನಿ."

ಕಾಕಾ ಕಿಸಕ್ಕನೆ ನಕ್ಕ. "ಹೇಳಿಬಿಡೋ ಅಣ್ಣಾ. ಇನ್ನೆಷ್ಟ ವರ್ಷ ಬೈಸ್ಕೋತಿ?"

ಅಪ್ಪ ಅವನನ್ನು ಗದರಿಸುವಂತೆ ನೋಡಿದ. ಅವ್ವ ಬಿಡಲಿಲ್ಲ. "ಯಾರ್ರಿ ಅಂವಾ?"

"ನೀನ" ಎಂದ ಅಪ್ಪ.

"ನಾನ?"

"ಈಕಿ ಹುಟ್ಟೋ ದಿನ ಸ್ವಾಮಾರ ಇತ್ತು" ಎಂದು ಅಪ್ಪ ನನ್ನ ಕಡೆ ಕೈ ಮಾಡಿದ. "ಹಿಂದಿನ ದಿನ ಎಲ್ಲಾ ಮಳಿ. ಆಗ ಡಾಂಬರ ಎಲ್ಲಿತ್ತು? ಎತ್ತ ಹೂಡಿ ನಿನ್ನ ನರೇಗಲ್ಲ ದವಾಖಾನಿಗೆ ಒಯ್ಯಾಕತ್ತಿದ್ವಿ. ಹಳ್ಳದಾಗ ಗಾಲಿ ಹುಗದು ಚಕ್ಕಡಿ ನಿಂತಬಿಟ್ಟಿತು. ನಾನೂ ಇಂವನೂ ನೂಕಿದ್ರ ಅಳ್ಳಾಡವಲ್ದು. ನೀ ಒಳಗ ಒದ್ಯಾಡಾಕತ್ತಿದ್ದಿ. 'ಬಸವಣ್ಣಾ, ನಿನ್ನ ವಾರದಾಗ ನಿನ್ನ ಹೂಡೀವಿ, ಸಿಟ್ಟಾಗಬ್ಯಾಡ, ನನ್ನ ಕೂಸ ಒಂದ ಉಳಿಸು. ಇನ್ನ ಮುಂದ ನಮ್ಮ ಸಲುವಾಗಿ ಸ್ವಾಮಾರ ಯಾವ ಎತ್ತಿನ ಹೆಗಲಿಗೂ ನೊಗಾ ಇಡಂಗಿಲ್ಲ' ಅಂತ ಒದರಿದಿ. ಅವು ಎರಡೂ ಮೊಣಕಾಲ ಊರಿ ಎಳದುವು. ಗಾಲಿ ಮ್ಯಾಲ ಬಂತು."

ಕಾಕಾ ಹೌದೆಂದು ತಲೆಯಾಡಿಸಿದ. ನನಗೆ ಬೆಳಿಗ್ಗೆ ಚಕ್ಕಡಿಯಲ್ಲಿ ಕುಳಿತು ಆಡಿದ ಮಾತು ನೆನಪಾಗಿ, ನೆಲ ಬಾಯಿಬಿಟ್ಟರೆ ಪ್ಲಾಸ್ಟರ್ ಸಮೇತ ಒಳಗೆ ಹೋಗುತ್ತಿದ್ದೆ.

"ನನಗ ನೆನಪ ಇಲ್ರಿ" ಎಂದಳು ಅವ್ವ. ಅವಳ ಧ್ವನಿ ಸಣ್ಣಗಾಗಿತ್ತು. "ಹದಿನಾರ ವರ್ಷ ನನ್ನ ಕಡಿಂದ ಬೈಸ್ಕೊಂಡ್ರಲ್ಲಾ, ಒಮ್ಮೆರ ಹೇಳಬಾರದಿತ್ತೇನ್ರಿ?"

"ಹಡಿಯೋ ಬ್ಯಾನಿಯೊಳಗ ಅಂದಿದ್ದಿ" ಎಂದ ಅಪ್ಪ. "ಹರಕಿ ನೆನಪ ಮಾಡಿಕೊಟ್ರ ಆ ಬ್ಯಾನಿನೂ ನೆನಪ ಆಗತಿತ್ತು. ಮರತಾಳ, ಚಲೋನ ಆತು ಅಂತ ಸುಮ್ಮಕಾದೆ."

ಅವ್ವನ ಕೈ ಅವನ ಹೆಗಲ ಮೇಲೆ ಹಾಗೇ ನಿಂತಿತು. ಆಮೇಲೆ ಅರಿಷಿಣದ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟಳು. ಅಪ್ಪ ಗಾಬರಿಯಾಗಿ ತಿರುಗಿದ.

"ಏ, ಏನಾತ? ಅರಿಷಿಣ ಕಣ್ಣಾಗ ಹೋತೇನ?"

"ಹೂಂನ್ರಿ," ಎಂದಳು ಅವ್ವ, "ಅರಿಷಿಣಾನ ಹೋಗೇತಿ."